ಕಾಶಿನಾಥ್ ಪರ ಒಂದು ವಕಾಲತ್ತು, ಜೊತೆಗೆ ಇನ್ನಿಬ್ಬರದು

‘ಅಂಡರ್‌ರೇಟೆಡ್’ ಅನ್ನೋ ಪದವನ್ನ ನಮ್ಮ ಕ್ಯಾಂಪಸ್ಸಿನಲ್ಲಿ ಎಷ್ಟು ಧಾರಾಳವಾಗಿ ಬಳಸ್ತೀವಿ ಅಂದ್ರೆ, ಆ ಪದವೇ ಈಗ ಓವರ್‌ರೇಟೆಡ್ ಆಗಿಬಿಟ್ಟಿದೆ. ಕ್ಯಾಂಟೀನಿನ ರೈಸ್‌ಬಾತ್ ಅಂಡರ್‌ರೇಟೆಡ್, ಥರ್ಡ್ ಸೆಮ್‌ನ ಯಾವುದೋ ಸಬ್ಜೆಕ್ಟ್ ಅಂಡರ್‌ರೇಟೆಡ್, ಹೋದ ವಾರ ಬಂದು ಈ ವಾರ ಎತ್ತಂಗಡಿಯಾದ ಸಿನಿಮಾ ಕೂಡ ಅಂಡರ್‌ರೇಟೆಡ್. ಯಾಕೆ ಅಂತ ಕೇಳಿದರೆ ‘ನೋಡು ಮಗಾ, ಗೊತ್ತಾಗುತ್ತೆ’ ಅನ್ನೋದಷ್ಟೇ ಉತ್ತರ. ವೈವಾದಲ್ಲಿ ಹೀಗೆ ಉತ್ತರ ಕೊಟ್ಟರೆ ಎಷ್ಟು ಮಾರ್ಕ್ಸ್ ಬೀಳುತ್ತೆ ಅಂತ ನಿಮಗೇ ಗೊತ್ತು.

ಒಂದು ಸಿನಿಮಾವನ್ನೋ ನಟರನ್ನೋ ಜನರ ಅಭಿಪ್ರಾಯಕ್ಕೆ ಎದುರಾಗಿ ನಿಂತು ಸಮರ್ಥಿಸಬೇಕು ಅಂದ್ರೆ ಕೈಯಲ್ಲಿ ಏನೇನಿರಬೇಕು ಅನ್ನೋದನ್ನ ಒಂದು ಕೇಸ್ ಹಿಡಿದು ನೋಡೋಣ. ಕೇಸನ್ನ ಬೇಕಂತಲೇ ಕಷ್ಟದ್ದು ಆರಿಸಿದ್ದೀನಿ: ಕಾಶಿನಾಥ್. ರಾಜ್ಯೋತ್ಸವಕ್ಕೆ ಯಾವ ಹಳೇ ಸಿನಿಮಾ ಹಾಕೋಣ ಅಂತ ನಮ್ಮ ಗ್ರೂಪಿನಲ್ಲಿ ಮಾತು ನಡೆದಾಗ ಅವರ ಹೆಸರು ಬಂತು. ಸಾಲಾಗಿ ನಗುವ ಇಮೋಜಿಗಳು ಬಂದವು, ‘ಲೆಕ್ಚರರ್ಸ್ ಎಲ್ಲಾ ಬರ್ತಾರೆ ಕಣ್ರೋ’ ಅಂತ ಒಬ್ಬರು ಬರೆದರು, ಹೆಸರು ಹೋಯ್ತು. ಒಟ್ಟು ಎರಡು ನಿಮಿಷದ ವಿಚಾರಣೆ. ನಕ್ಕವರಲ್ಲಿ ಎಷ್ಟು ಜನ ಅವರ ಒಂದಾದರೂ ಸಿನಿಮಾವನ್ನ ಮೊದಲಿಂದ ಕೊನೆತನಕ ನೋಡಿದ್ದಾರೆ ಅಂತ ಯಾರೂ ಕೇಳಲಿಲ್ಲ.

ಮೊದಲು ಅಳತೆಯ ವಿಷಯ. ಅಂಡರ್‌ರೇಟೆಡ್ ಅಂದ ಕೂಡಲೇ ಅಲ್ಲಿ ಎರಡು ಬೆಲೆ ಇದೆ ಅಂತಾಯ್ತು. ಜನ ಕಟ್ಟಿದ ಬೆಲೆ ಒಂದು, ನ್ಯಾಯವಾಗಿ ಸಿಗಬೇಕಾದ ಬೆಲೆ ಇನ್ನೊಂದು. ಮೊದಲನೇದನ್ನ ಯಾರು, ಯಾವಾಗ, ಯಾವ ತಕ್ಕಡಿಯಲ್ಲಿ ತೂಗಿದರು ಅಂತ ಗೊತ್ತಿಲ್ಲದೆ ಎರಡನೇದರ ಬಗ್ಗೆ ಮಾತಾಡೋಕಾಗಲ್ಲ. ಗಲ್ಲಾಪೆಟ್ಟಿಗೆ ಒಂದು ತಕ್ಕಡಿ, ಪ್ರಶಸ್ತಿ ಇನ್ನೊಂದು, ಭಾನುವಾರ ಟೀವಿಯಲ್ಲಿ ಎಷ್ಟು ಸಲ ಹಾಕ್ತಾರೆ ಅನ್ನೋದು ಮತ್ತೊಂದು, ಮೀಮ್ ಈಗಿನ ಕಾಲದ ತಕ್ಕಡಿ. ಇವೆಲ್ಲ ಒಂದೇ ಉತ್ತರ ಕೊಡಲ್ಲ. ಕಾಶಿನಾಥ್ ಸಿನಿಮಾಗಳು ಥಿಯೇಟರಿನಲ್ಲಿ ಓಡಿದಂಥವು, ಹಾಗಾಗಿ ಟಿಕೆಟ್ಟಿನ ಲೆಕ್ಕದಲ್ಲಿ ಅವರು ಅಂಡರ್‌ರೇಟೆಡ್ ಅಲ್ಲವೇ ಅಲ್ಲ. ಅವರಿಗೆ ಸಿಗದೇ ಹೋದದ್ದು ಮರ್ಯಾದೆ. ದುಡ್ಡು ಕೊಟ್ಟು ನೋಡಿದವರೇ ಮನೆಗೆ ಬಂದು ನೋಡಿಲ್ಲ ಅಂದರು.

ಆನ್‌ಲೈನ್ ಸ್ಟಾರ್‌ಗಳನ್ನ ನಂಬೋರಿಗೆ ಒಂದು ಮಾತು. 1978ರ ಕನ್ನಡ ಸಿನಿಮಾಕ್ಕೆ ಇವತ್ತು ಫೋನು ಹಿಡಿದು ಅಂಕ ಕೊಡ್ತಿರೋರು ಯಾರು? ಆ ಸಿನಿಮಾವನ್ನ ಥಿಯೇಟರಿನಲ್ಲಿ ನೋಡಿದ ನಮ್ಮ ಅಜ್ಜಿ ತಾತಂದಿರಂತೂ ಅಲ್ಲ. ಸ್ಯಾಂಪಲ್ಲೇ ಒಂದು ಕಡೆ ವಾಲಿಕೊಂಡಿರುವಾಗ ಸರಾಸರಿಗೆ ಎಷ್ಟು ಬೆಲೆ ಇರುತ್ತೆ ಅನ್ನೋದನ್ನ ಮ್ಯಾಥ್ಸ್ ಮೇಷ್ಟ್ರು ಹೇಳಿಕೊಟ್ಟಿದ್ದಾರೆ. ಸಿನಿಮಾ ವಿಷಯಕ್ಕೆ ಬಂದಾಗ ಮಾತ್ರ ನಾವದನ್ನ ಮರೀತೀವಿ.

ಈಗ ಕೇಸು. ಆರೋಪಪಟ್ಟಿ ಎಲ್ಲರಿಗೂ ಬಾಯಿಪಾಠ: ಡಬಲ್ ಮೀನಿಂಗ್, ಮನೆಮಂದಿ ಜೊತೆ ಕೂತು ನೋಡೋಕಾಗಲ್ಲ, ಹೀರೋ ಥರ ಇಲ್ಲ. ಆರೋಪಿಯ ಹಿನ್ನೆಲೆ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಕುಂದಾಪುರದ ಹತ್ತಿರ ಕೋಟೇಶ್ವರದವರು. ಮೊದಲು ನಿರ್ದೇಶಿಸಿದ್ದು 1976ರ ‘ಅಪರೂಪದ ಅತಿಥಿಗಳು’. ಎರಡು ವರ್ಷ ಬಿಟ್ಟು ಬಂದದ್ದು ‘ಅಪರಿಚಿತ’. ಆಗಿನ್ನೂ ಅವರಿಗೆ 30 ದಾಟಿರಲಿಲ್ಲ. ಅದೊಂದು ಅಪ್ಪಟ ಸಸ್ಪೆನ್ಸ್ ಸಿನಿಮಾ. ಸುರೇಶ್ ಹೆಬ್ಳೀಕರ್, ಶೋಭಾ, ಎಂ.ವಿ. ವಾಸುದೇವ ರಾವ್ ಅದರಲ್ಲಿದ್ದಾರೆ, ಸಂಗೀತ ಎಲ್. ವೈದ್ಯನಾಥನ್ ಅವರದು. ವಾಸುದೇವ ರಾವ್ ಅಂದ್ರೆ ‘ಚೋಮನ ದುಡಿ’ಯ ಚೋಮನಾಗಿ ರಾಷ್ಟ್ರಪ್ರಶಸ್ತಿ ಪಡೆದವರು. ಪೋಸ್ಟರ್ ನೋಡಿ ಜನ ಒಳಗೆ ಬರೋಕೆ ಒಬ್ಬ ಸ್ಟಾರೂ ಇಲ್ಲ. ರಾಜ್‌ಕುಮಾರ್, ವಿಷ್ಣುವರ್ಧನ್, ಅಂಬರೀಶ್ ಇದ್ದ ಕಾಲದಲ್ಲಿ ಹೀಗೊಂದು ಸಿನಿಮಾ ಮಾಡಿ, 1981ರಲ್ಲಿ ಅದನ್ನೇ ಹಿಂದಿಗೆ ತಗೊಂಡು ಹೋಗಿ ಮಿಥುನ್ ಚಕ್ರವರ್ತಿ ಜೊತೆ ‘ಬೇಶಕ್’ ಅಂತ ಮಾಡಿದರು. ಡಬಲ್ ಮೀನಿಂಗ್ ನಿರ್ದೇಶಕ ಅಂತ ನಾವು ಹಣೆಪಟ್ಟಿ ಹಚ್ಚಿದ ಮನುಷ್ಯ ಅದಕ್ಕೂ ಮೊದಲೇ ಥ್ರಿಲ್ಲರ್ ಮಾಡಿದ್ದರು. ಈ ಒಂದು ಸಂಗತಿ ಗೊತ್ತಿದ್ದರೂ ಆ ಎರಡು ನಿಮಿಷದ ವಿಚಾರಣೆ ಹತ್ತು ನಿಮಿಷಕ್ಕೆ ಎಳೀತಿತ್ತು.

(ಅವರ ಸಿನಿಮಾ ಹೆಸರುಗಳು ‘ಅ’ಕಾರ ಬಿಟ್ಟು ಮುಂದಕ್ಕೆ ಹೋಗಿದ್ದೇ ಕಡಿಮೆ: ಅಪರೂಪದ ಅತಿಥಿಗಳು, ಅಪರಿಚಿತ, ಅನುಭವ, ಅನಂತನ ಅವಾಂತರ, ಅಜಗಜಾಂತರ. ಅರೇ ಇಂಡೆಕ್ಸು ಸೊನ್ನೆಯಲ್ಲೇ ನಿಂತುಬಿಟ್ಟ ಹಾಗೆ.)

ಹಣೆಪಟ್ಟಿ ಬಂದದ್ದು 1984ರ ‘ಅನುಭವ’ದಿಂದ. ಅಲ್ಲಿ ಅವರೇ ನಿರ್ದೇಶಕ, ಅವರೇ ನಾಯಕ. ಕಥೆಯನ್ನ ಒಂದು ಸಾಲಿನಲ್ಲಿ ಹೇಳಿ ನೋಡಿ: ಹಿರಿಯರ ಬಲವಂತಕ್ಕೆ ಒಬ್ಬ ಯುವಕ ಇನ್ನೂ ಎಳೆಯ ಹುಡುಗಿಯ ಜೊತೆ ಮದುವೆಯಾಗ್ತಾನೆ, ಅವಳು ದೊಡ್ಡವಳಾಗೋತನಕ ಅವನು ಕಾಯಬೇಕು. ಹೆಣ್ಣುಮಕ್ಕಳ ಮದುವೆ ವಯಸ್ಸನ್ನ 18ಕ್ಕೆ ಏರಿಸಿದ ಕಾನೂನು ತಿದ್ದುಪಡಿ ಆದದ್ದು 1978ರಲ್ಲಿ. ಸಿನಿಮಾ ಬಂದದ್ದು ಅದಾಗಿ ಆರು ವರ್ಷಕ್ಕೆ. ಕಾನೂನು ಪುಸ್ತಕದಲ್ಲಿತ್ತು, ಮದುವೆಗಳು ಹಳ್ಳಿಯಲ್ಲಿ ಮೊದಲಿನ ಹಾಗೇ ನಡೀತಿದ್ದವು. ಅಂಥ ಮದುವೆಯ ಒಳಗೆ, ಬಾಗಿಲು ಹಾಕಿದ ಮೇಲೆ ಏನಾಗುತ್ತೆ ಅನ್ನೋದನ್ನ ಯಾವ ಗೌರವಾನ್ವಿತ ಸಿನಿಮಾ ಕೇಳಿತ್ತು? ಸಾಮಾಜಿಕ ಸಿನಿಮಾದಲ್ಲಿ ಬಾಲ್ಯವಿವಾಹ ಅಂದ್ರೆ ಅಳೋ ತಾಯಿ, ಗದರೋ ಅಪ್ಪ, ಕೊನೆಗೊಂದು ಭಾಷಣ. ‘ಅನುಭವ’ದಲ್ಲಿ ಇರೋದು ಇಪ್ಪತ್ತರ ಹರೆಯದ ಒಂದು ದೇಹ, ಅದರ ಗೊಂದಲ, ಅದರ ಪೆದ್ದುತನ. ನಾವು ನಗ್ತೀವಿ. ಯಾರನ್ನ ನೋಡಿ ನಗ್ತೀವಿ ಅನ್ನೋದು ಮುಖ್ಯ. ಹೆಚ್ಚಿನ ಸಲ ಆ ಗಂಡಸನ್ನ ನೋಡಿ.

ನನ್ನ ವಾದದ ಗಟ್ಟಿ ಜಾಗ ಇದೇ. ಆ ಕಾಲದ ದೊಡ್ಡ ಹೀರೋಗಳ ಎಷ್ಟೋ ಸಿನಿಮಾಗಳಲ್ಲಿ ಹೀರೋ ಹುಡುಗಿಯ ಹಿಂದೆ ಬೀಳ್ತಾನೆ, ಸೆರಗು ಎಳೀತಾನೆ, ಅವಳು ಬೈದಷ್ಟೂ ಹಾಡು ಜೋರಾಗುತ್ತೆ. ಅದನ್ನ ಮನೆಮಂದಿಯೆಲ್ಲ ಕೂತು ನೋಡಿದ್ದಾರೆ, ಈಗಲೂ ಹಬ್ಬದ ದಿನ ಟೀವಿಯಲ್ಲಿ ನೋಡ್ತಾರೆ. ಅಲ್ಲಿ ಆಸೆ ಅನ್ನೋದು ಹೀರೋಗೆ ಸಿಕ್ಕ ಹಕ್ಕು. ಕಾಶಿನಾಥ್ ಸಿನಿಮಾದಲ್ಲಿ ಆಸೆ ಅನ್ನೋದು ಹೀರೋನ ಫಜೀತಿ. ಸಣಕಲು ಮೈ, ಸಣ್ಣ ದನಿ, ಸಿಟಿ ಬಸ್ಸಿನಲ್ಲಿ ನಮ್ಮ ಪಕ್ಕ ಕೂತರೂ ಗುರುತು ಸಿಗದ ಮುಖ. ಅಂಥವನು ಆಸೆಪಟ್ಟರೆ ಜಗತ್ತು ಅವನಿಗೆ ಹಾಡು ಕಟ್ಟಿಕೊಡಲ್ಲ, ಒದೆ ಕೊಡುತ್ತೆ. ಹೀರೋ ಥರ ಇಲ್ಲ ಅನ್ನೋ ಆರೋಪ ನಿಜ. ಹಾಗಿಲ್ಲದೇ ಇದ್ದದ್ದರಿಂದಲೇ ಆ ಕಥೆಗಳು ನಡೆದವು. ಅದೇ ಪಾತ್ರಕ್ಕೆ ಕಟ್ಟುಮಸ್ತಾದ ಒಬ್ಬ ಸ್ಟಾರನ್ನ ಹಾಕಿ ಊಹಿಸಿಕೊಳ್ಳಿ, ಕಥೆ ಹತ್ತೇ ನಿಮಿಷದಲ್ಲಿ ಅಸಹ್ಯ ಆಗುತ್ತೆ.

1988ರ ‘ಅವಳೇ ನನ್ನ ಹೆಂಡ್ತಿ’ಯ ನಿರ್ದೇಶನ ಬೇರೆಯವರದು, ನಾಯಕ ಕಾಶಿನಾಥ್. ಹೆಸರು ಕೇಳಿದರೆ ಇನ್ನೊಂದು ಪೋಲಿ ಸಿನಿಮಾ ಅನ್ಕೋಬೇಕು. ವಿಷಯ ವರದಕ್ಷಿಣೆ. ಗಂಡನ ಮನೆಯವರ ಹಿಂಸೆಯನ್ನ ಅಪರಾಧ ಅಂತ ಬರೆದ 498ಎ ಕಲಂ ಬಂದದ್ದು 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ ಬಂದದ್ದು 1986ರಲ್ಲಿ. ಪೇಪರಿನಲ್ಲಿ ಸ್ಟೌವ್ ಸ್ಫೋಟದ ಸುದ್ದಿ ಬಿಡುವಿಲ್ಲದೆ ಬರ್ತಿದ್ದ ಆ ವರ್ಷಗಳಲ್ಲಿ ವರದಕ್ಷಿಣೆ ಬಗ್ಗೆ ಸಿನಿಮಾ ಮಾಡಿ ಜನರನ್ನ ಒಳಗೆ ಕರಕೊಂಡು ಬರೋಕೆ ಒಂದು ದಾರಿ ಕಣ್ಣೀರು, ಇನ್ನೊಂದು ದಾರಿ ನಗು. ಅದೇ ಕಥೆ ಹಿಂದಿಯಲ್ಲಿ ‘ಜವಾನಿ ಜಿಂದಾಬಾದ್’ ಆಯ್ತು, 1990ರಲ್ಲಿ, ಆಮೀರ್ ಖಾನ್ ನಾಯಕ. ಹಿಂದಿಗೆ ಹೋದಾಗ ಅದು ಸಾಮಾಜಿಕ ಸಿನಿಮಾ, ಕನ್ನಡದಲ್ಲಿದ್ದಾಗ ಕಾಶಿನಾಥ್ ಪಿಚ್ಚರ್!

ಇಷ್ಟು ಹೇಳಿ ವಾದ ಮುಗಿಸಿಬಿಟ್ಟರೆ ಅದು ಅಭಿಮಾನಿ ಸಂಘದ ಭಾಷಣ ಆಗುತ್ತೆ. ವಕಾಲತ್ತು ಹಾಕಿದವರು ಎದುರು ಪಕ್ಷದ ಅತ್ಯಂತ ಬಲವಾದ ಪಾಯಿಂಟನ್ನ ತಾವೇ ಎತ್ತಿ ಟೇಬಲ್ ಮೇಲೆ ಇಡಬೇಕು. ಆ ಪಾಯಿಂಟ್ ಇದು: ಕಥೆ ಯಾರನ್ನ ನೋಡಿ ನಗೋಕೆ ಹೇಳಿದರೂ ಕ್ಯಾಮೆರಾ ನೋಡ್ತಿರೋದು ಹೆಣ್ಣಿನ ಮೈಯನ್ನೇ. ಪೋಸ್ಟರಿನಲ್ಲಿ ಮಾರಿದ್ದೂ ಅದನ್ನೇ. ಬಾಲ್ಯವಿವಾಹವನ್ನ ಪ್ರಶ್ನಿಸೋ ಸಿನಿಮಾದಲ್ಲಿ ಆ ಎಳೆ ಹುಡುಗಿಗೆ ಏನನ್ನಿಸ್ತು ಅಂತ ಕೇಳೋ ಪುರುಸೊತ್ತು ಸಿನಿಮಾಕ್ಕೆ ಇಲ್ಲ. ಕಾಯೋನ ಕಷ್ಟ ಗೊತ್ತಾಗುತ್ತೆ, ಕಾಯಿಸಿಕೊಂಡವಳ ಕಷ್ಟ ಗೊತ್ತಾಗಲ್ಲ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಹುಡುಕೋ ಅಗತ್ಯವೂ ಕಾಣ್ತಿಲ್ಲ. ‘ಅನುಭವ’ ನಿರ್ದೋಷಿ ಸಿನಿಮಾ ಅಂತ ನಾನು ವಾದ ಮಾಡ್ತಿಲ್ಲ. ಅದಕ್ಕೆ ಕೊಟ್ಟಿರೋ ಶಿಕ್ಷೆ, ಅಂದ್ರೆ ನೋಡದೇ ನಕ್ಕು ತಳ್ಳಿಹಾಕೋದು, ಅಪರಾಧಕ್ಕಿಂತ ದೊಡ್ಡದು ಅನ್ನೋದಷ್ಟೇ ವಾದ. ತೊಂಬತ್ತರ ಸುಮಾರಿನ ‘ಮನ್ಮಥ ರಾಜ’, ‘ಚಪಲ ಚೆನ್ನಿಗರಾಯ’ ಥರದವನ್ನ ನಾನು ಸಮರ್ಥಿಸೋಕೆ ಹೋಗಲ್ಲ. ಹೆಸರುಗಳು ಮಾತ್ರ ಚೆನ್ನಾಗಿವೆ.

ಇಂಜಿನಿಯರಿಂಗಿನವರು ಇನ್ನೊಂದು ಸಾಕ್ಷಿಯನ್ನ ಬೇಗ ಒಪ್ಪಿಕೊಳ್ತಾರೆ: ಔಟ್‌ಪುಟ್. ಕಾಶಿನಾಥ್ ಗರಡಿಯಲ್ಲಿ ಪಳಗಿದವರ ಹೆಸರು ನೋಡಿ. ಉಪೇಂದ್ರ, ವಿ. ಮನೋಹರ್, ಸುನಿಲ್ ಕುಮಾರ್ ದೇಸಾಯಿ. ದೇಸಾಯಿ 1989ರಲ್ಲಿ ‘ತರ್ಕ’ ಮಾಡಿದರು, ಹಾಡೇ ಇಲ್ಲದ ಥ್ರಿಲ್ಲರ್. ಉಪೇಂದ್ರ 1992ರಲ್ಲಿ ‘ತರ್ಲೆ ನನ್ಮಗ’, ಅದಾದ ಮೇಲೆ ‘ಶ್‌’, 1995ರಲ್ಲಿ ‘ಓಂ’. ಕನ್ನಡದ ಸಸ್ಪೆನ್ಸ್ ಸಿನಿಮಾಗಳ ವಂಶವೃಕ್ಷ ಬರೆದರೆ ‘ಅಪರಿಚಿತ’ದಿಂದ ‘ತರ್ಕ’ಕ್ಕೆ, ‘ಶ್‌’ಗೆ ಗೆರೆ ನೇರವಾಗಿ ಬರುತ್ತೆ. ಸೆಪ್ಟೆಂಬರ್ 18 ಬಂದರೆ ಕತ್ರಿಗುಪ್ಪೆಯಲ್ಲಿ ಉಪ್ಪಿ ಮನೆ ಮುಂದೆ ಅಭಿಮಾನಿಗಳ ಜಾತ್ರೆ. ಉಪ್ಪಿ ಹುಚ್ಚಾಟಗಳನ್ನ ಜೀನಿಯಸ್ ಅನ್ನೋ ನಾವೇ ಆ ಹುಚ್ಚಾಟಕ್ಕೆ ಅಂಕೆ ಬಿಟ್ಟು ಕಲಿಸಿದ ಗುರುವನ್ನ ಕಂಡರೆ ಕಿಸಕ್ಕನೆ ನಗ್ತೀವಿ. ಒಳ್ಳೆ ಪ್ರಾಜೆಕ್ಟ್ ಗೈಡ್ ಹೇಗಿರ್ತಾರೆ ಅಂತ ಫೈನಲ್ ಇಯರಿನವರನ್ನ ಕೇಳಿ. ದುಡ್ಡಿಲ್ಲದ ಕಡೆ ಉಪಾಯ ಕಲಿಸ್ತಾರೆ, ಹೊಸಬರ ಕೈಗೆ ಕೆಲಸ ಕೊಡ್ತಾರೆ, ಪೇಪರಿನಲ್ಲಿ ತಮ್ಮ ಹೆಸರು ಮೊದಲು ಬರಲಿ ಅಂತ ಹಟ ಹಿಡಿಯಲ್ಲ.

ಇನ್ನೊಂದು ತಮಾಷೆ ಇದೆ. 2017ರ ‘ಚೌಕ’ ಸಿನಿಮಾದ ‘ಅಪ್ಪಾ ಐ ಲವ್ ಯೂ’ ಹಾಡು ಕೇಳದ ಕಾಲೇಜ್ ಡೇ, ಸ್ಕೂಲ್ ಡೇ, ಅಪ್ಪನ ಬರ್ತ್‌ಡೇ ಯಾವುದಿದೆ? ಆ ಹಾಡಿನ ಅಪ್ಪ ಕಾಶಿನಾಥ್. ಮುಂದಿನ ವರ್ಷ, 2018ರ ಜನವರಿ 18ರಂದು ಅವರು ತೀರಿಕೊಂಡರು. ಸಂಸಾರ ಸಮೇತ ನೋಡಬಾರದ ನಟ ಅಂತ 30 ವರ್ಷ ಅನ್ನಿಸಿಕೊಂಡವರು ಕೊನೆಗೆ ಕರ್ನಾಟಕದ ಮನೆಮನೆಯ ಅಪ್ಪ ಆಗಿ ಹೋದರು. ಮುಖ ಅದೇ, ದನಿ ಅದೇ. ಬದಲಾದದ್ದು ನಾವು ಅವರಿಗೆ ಕೊಟ್ಟ ಪಾತ್ರ.

ಪಾತ್ರ ಅಂದಾಗ ಎರಡನೇ ಕೇಸಿಗೆ ಬರೋಣ, ಅದೂ ‘ಅನುಭವ’ದಲ್ಲೇ ಇದೆ. ಪದ್ಮಿ ಪಾತ್ರ ಮಾಡಿದ ಉಮಾಶ್ರೀ. ಆ ಸಿನಿಮಾದಿಂದ ಅವರಿಗೆ ಹೆಸರು ಬಂತು, ಜೊತೆಗೆ ಅದೇ ಅವರಿಗೆ ಬೇಲಿಯೂ ಆಯ್ತು. ಆಮೇಲೆ ವರ್ಷಗಟ್ಟಲೆ ಅವರನ್ನ ಕರೆದದ್ದು ಪೋಲಿ ಮಾತಿನ ಕಾಮಿಡಿಗೆ. ಕೆಲವೊಮ್ಮೆ ಸಿನಿಮಾದ ಕಥೆಗೂ ಆ ಟ್ರ್ಯಾಕಿಗೂ ಸಂಬಂಧವೇ ಇರ್ತಿರಲಿಲ್ಲ. ನಮ್ಮ ಬ್ಯಾಚಿನ ಹೆಚ್ಚಿನವರಿಗೆ ಅವರು ಮಂತ್ರಿಯಾಗಿದ್ದವರು, ಇಲ್ಲಾ ಮನೆಯಲ್ಲಿ ಅಮ್ಮ ನೋಡೋ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ.

ಅದೇ ಉಮಾಶ್ರೀ ರಂಗಭೂಮಿಯಲ್ಲಿ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ. ಕಳೆದುಹೋದ ಒಂದು ಹುಂಜಕ್ಕಾಗಿ ಊರೆಲ್ಲ ಹುಡುಕೋ ಮುದುಕಿ. ನಮ್ಮ ಮೇಷ್ಟ್ರ ತಲೆಮಾರಿನವರನ್ನ ಕೇಳಿ ನೋಡಿ, ಸಾಕವ್ವ ಅಂದ ತಕ್ಷಣ ಮುಖ ಬದಲಾಗುತ್ತೆ. ಸಿನಿಮಾದವರು ಪೋಲಿ ಜೋಕಿಗೆ ಕರೀತಿದ್ದ ನಟಿಯ ಒಳಗೆ ಆ ಮುದುಕಿ ಇದ್ದಾಳೆ ಅಂತ ನಾಟಕ ನೋಡುವವರಿಗೆ ಗೊತ್ತಿತ್ತು. ಸಿನಿಮಾ ನೋಡುವವರಿಗೆ ಗೊತ್ತಾಗೋಕೆ 2008ರತನಕ ಕಾಯಬೇಕಾಯ್ತು. ವೈದೇಹಿಯವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸ್’ ಬಂತು, ಉಮಾಶ್ರೀ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು.

ಇಲ್ಲೊಂದು ಪ್ರಯೋಗ ಮಾಡಿಸ್ತೀನಿ. ‘ಗುಲಾಬಿ ಟಾಕೀಸ್’ ಹಾಕಿ ಸೌಂಡ್ ಪೂರ್ತಿ ಮ್ಯೂಟ್ ಮಾಡಿ ಹತ್ತು ನಿಮಿಷ ನೋಡಿ. ನಟನೆ ಅಂದ್ರೆ ಡೈಲಾಗ್ ಅನ್ಕೊಂಡಿರೋ ನಮ್ಮಂಥವರಿಗೆ ಇದು ಒಳ್ಳೆ ಲ್ಯಾಬ್. ಗುಲಾಬಿ ಕರಾವಳಿಯ ಮೀನುಗಾರರ ಊರಿನ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಸಿನಿಮಾ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಡಿಶ್ ಸಮೇತ ಒಂದು ಟೀವಿ ಸಿಗುತ್ತೆ. ಊರಿನ ಹೆಂಗಸರು ಅವಳ ಮನೆಗೆ ಬಂದು ಕೂರೋಕೆ ಶುರು ಮಾಡ್ತಾರೆ. ಇಡೀ ಸಿನಿಮಾದಲ್ಲಿ ಗುಲಾಬಿಯ ದೊಡ್ಡ ಕೆಲಸ ನೋಡೋದು: ತೆರೆ ನೋಡೋದು, ಟೀವಿ ನೋಡೋದು, ಬಂದವರನ್ನ ನೋಡೋದು, ಆಮೇಲೆ ಒಬ್ಬೊಬ್ಬರಾಗಿ ಬರೋದು ನಿಲ್ಲಿಸಿದಾಗ ಬಾಗಿಲು ನೋಡೋದು. ನೋಡುವವಳನ್ನ ನಟಿಸೋದು ಎಷ್ಟು ಕಷ್ಟ ಅಂತ ಯೋಚಿಸಿ. ಕೈಗೆ ಕೆಲಸ ಇಲ್ಲ, ಬಾಯಿಗೆ ಮಾತಿಲ್ಲ, ಇರೋದು ಎರಡು ಕಣ್ಣು. ಮ್ಯೂಟಿನಲ್ಲೂ ಎಲ್ಲಿ ಖುಷಿ ಇತ್ತು, ಎಲ್ಲಿ ಅನುಮಾನ ಹುಟ್ಟಿತು, ಎಲ್ಲಿ ಭಯ ಬಂತು ಅಂತ ನಿಮಗೆ ಗೊತ್ತಾದರೆ ಆ ನಟಿಯ ರೇಟಿಂಗ್ ನಿಮ್ಮ ಕೈಗೆ ಬಂತು, ಇನ್ನೊಬ್ಬರನ್ನ ಕೇಳೋ ಅಗತ್ಯ ಇಲ್ಲ. ಇದಾದ ಮೇಲೆ ‘ಅನುಭವ’ದ ಪದ್ಮಿಯನ್ನ ಮತ್ತೆ ಮ್ಯೂಟಿನಲ್ಲಿ ನೋಡಿ. ಅದೇ ಕಣ್ಣುಗಳು 1984ರಲ್ಲೇ ಅಲ್ಲಿವೆ. ಜನ ಬೇರೆ ಕಡೆ ನೋಡ್ತಿದ್ದರು.

ಮೂರನೇ ಕೇಸ್ ಬೇರೆ ಥರದ್ದು. ಕಾಶಿನಾಥ್ ಅವರನ್ನ ನಕ್ಕು ತಳ್ಳಿದೆವು, ಲೋಕೇಶ್ ಅವರನ್ನ ಹೊಗಳುತ್ತಲೇ ಮರೆತೆವು. ಸೃಜನ್ ಲೋಕೇಶ್ ಎಲ್ಲರಿಗೂ ಗೊತ್ತು, ಅವರ ಹೆಸರಿನ ಎರಡನೇ ಅರ್ಧ ಯಾರು ಅಂತ ಕೇಳಿದರೆ ಒಂದು ಕ್ಷಣ ಮೌನ. 1974ರ ‘ಭೂತಯ್ಯನ ಮಗ ಅಯ್ಯು’ ಸಿನಿಮಾವನ್ನ ಜನ ನೆನಪಿಟ್ಟಿರೋದು ವಿಷ್ಣುವರ್ಧನ್ ಅವರ ಗುಳ್ಳನಿಗಾಗಿ, ಲೋಕನಾಥ್ ಅವರ ಉಪ್ಪಿನಕಾಯಿ ಸೀನಿಗಾಗಿ. ಹೆಸರಿನಲ್ಲೇ ಇರೋ ಅಯ್ಯು ಲೋಕೇಶ್. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ದಲಿಂಗಯ್ಯ ನಿರ್ದೇಶನ. ಬಡ್ಡಿ ವ್ಯವಹಾರದಲ್ಲಿ ಊರನ್ನೇ ಹಿಂಡಿದ ಭೂತಯ್ಯ ಸತ್ತಾಗ ಹೆಣಕ್ಕೆ ಹೆಗಲು ಕೊಡೋಕೆ ಒಬ್ಬರೂ ಬರಲ್ಲ. ಅಪ್ಪನ ಪಾಪ ಮಗನ ಹೆಗಲಿಗೆ ಬರೋದನ್ನ ಹೇಳೋಕೆ ಇದಕ್ಕಿಂತ ಸರಳ ದೃಶ್ಯ ಇನ್ನೇನಿದೆ? ಅಯ್ಯು ಕೆಟ್ಟವನೋ ಒಳ್ಳೆಯವನೋ ಅಂತ ಪ್ರೇಕ್ಷಕ ಕೊನೇತನಕ ತೀರ್ಮಾನಿಸೋಕಾಗದ ಹಾಗೆ ನಟಿಸೋದು ಅಪಾಯದ ಕೆಲಸ, ಯಾಕಂದ್ರೆ ಚಪ್ಪಾಳೆ ಸಿಗೋದು ಎರಡರಲ್ಲಿ ಒಂದು ಕಡೆ ನಿಂತವರಿಗೆ.

ನಾಲ್ಕು ವರ್ಷ ಬಿಟ್ಟು ‘ಪರಸಂಗದ ಗೆಂಡೆತಿಮ್ಮ’. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಮಾರುತಿ ಶಿವರಾಂ ನಿರ್ದೇಶನ. ಪೇಟೆಯ ಪೌಡರು, ಸ್ನೋ, ರಿಬ್ಬನ್ನು ತಂದು ಹಳ್ಳಿಯಲ್ಲಿ ಮಾರೋ ಒಬ್ಬ ಪೆದ್ದ. ಪೇಟೆಯನ್ನ ಹೊತ್ತು ತಂದವನು ಅವನೇ, ಆ ಪೇಟೆಯ ಆಸೆ ಅವನ ಸಂಸಾರವನ್ನೇ ನುಂಗೋದೂ ಅವನ ಕಣ್ಣೆದುರೇ. ತಮಿಳಿನಲ್ಲಿ ಇದನ್ನ ಶಿವಕುಮಾರ್ ಮಾಡಿದರು, ‘ರೋಸಾಪೂ ರವಿಕ್ಕೈಕಾರಿ’ ಅಂತ. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದುಕೊಂಡು ಊರಿಗೆ ಹೋಗುವಾಗ ಬ್ಯಾಗ್ ತುಂಬ ಬೆಂಗಳೂರು ತುಂಬಿಕೊಂಡು ಹೋಗೋ ನಮ್ಮಲ್ಲಿ ಹಲವರಿಗೆ ಈ ಸಿನಿಮಾ ಸ್ವಲ್ಪ ಚುಚ್ಚಬಹುದು.

ಲೋಕೇಶ್ ವಿಷಯ ಎತ್ತಿದ್ದಕ್ಕೆ ಇನ್ನೊಂದು ಕಾರಣ ಇದೆ. ಅವರ ತಂದೆ ಸುಬ್ಬಯ್ಯ ನಾಯ್ಡು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ದ ಇಂದ್ರಜಿತು, ಅಂದ್ರೆ ನಾಯಕ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಸಿನಿಮಾ. ಸುಬ್ಬಯ್ಯ ನಾಯ್ಡು ಅಂಡರ್‌ರೇಟೆಡ್ಡಾ, ಓವರ್‌ರೇಟೆಡ್ಡಾ? ಹೇಳೋಕೆ ಯಾರಿಂದಲೂ ಸಾಧ್ಯ ಇಲ್ಲ. ಆ ಸಿನಿಮಾದ ಒಂದು ಪ್ರಿಂಟೂ ಉಳಿದಿಲ್ಲ.

ಎರಡನೇ ಮಹಾಯುದ್ಧದ ವಿಮಾನಗಳ ಕಥೆ ನಿಮಗೆ ಗೊತ್ತಿರಬಹುದು. ವಾಪಸ್ ಬಂದ ವಿಮಾನಗಳಲ್ಲಿ ಎಲ್ಲೆಲ್ಲಿ ಗುಂಡು ಬಿದ್ದಿದೆ ನೋಡಿ ಅಲ್ಲಿ ತಗಡು ದಪ್ಪ ಮಾಡೋಣ ಅಂತ ಸೇನೆಯವರು ಹೊರಟಾಗ, ಗುಂಡು ಬೀಳದ ಜಾಗಕ್ಕೆ ತಗಡು ಹಾಕಿ ಅಂತ ಅಬ್ರಹಾಂ ವಾಲ್ಡ್ ಅನ್ನೋ ಗಣಿತಜ್ಞ ಹೇಳಿದರು, ಯಾಕಂದ್ರೆ ಅಲ್ಲಿ ಗುಂಡು ಬಿದ್ದ ವಿಮಾನಗಳು ವಾಪಸ್ಸೇ ಬಂದಿಲ್ಲ. ನಮ್ಮ ‘ಕ್ಲಾಸಿಕ್’ ಪಟ್ಟಿಗಳೂ ಹೀಗೇ, ವಾಪಸ್ ಬಂದ ವಿಮಾನಗಳ ಪಟ್ಟಿ. ಜನ ಕೇಳ್ತಾರೆ ಅಂತ ಚಾನೆಲಿನವರು ಹಾಕ್ತಾರೆ, ಚಾನೆಲಿನಲ್ಲಿ ಬರುತ್ತೆ ಅಂತ ಒಳ್ಳೆ ಕಾಪಿ ಉಳಿಯುತ್ತೆ, ಒಳ್ಳೆ ಕಾಪಿ ಇದೆ ಅಂತ ಜನ ಮತ್ತೆ ನೋಡ್ತಾರೆ. ಈ ಫೀಡ್‌ಬ್ಯಾಕ್ ಲೂಪಿನ ಹೊರಗೆ ಉಳಿದ ಸಿನಿಮಾ ಮಸುಕಾದ ಅಪ್‌ಲೋಡ್ ಆಗಿ, ಅರ್ಧಕ್ಕೆ ಕಟ್ಟಾಗಿ, ಒಂದು ದಿನ ಆ ಲಿಂಕೂ ಹೋಗುತ್ತೆ. ಜನರ ಅಭಿಪ್ರಾಯ ಬರೀ ಅಭಿಪ್ರಾಯವಾಗಿ ಉಳಿಯಲ್ಲ, ಯಾವ ರೀಲು ಉಳೀಬೇಕು ಅನ್ನೋದನ್ನೂ ಅದು ತೀರ್ಮಾನ ಮಾಡುತ್ತೆ. ಗ್ರೂಪಿನಲ್ಲಿ ನಕ್ಕು ಒಂದು ಹೆಸರನ್ನ ಪಟ್ಟಿಯಿಂದ ತೆಗೆಯೋದು ಸಣ್ಣ ವಿಷಯ ಅಂತ ಕಾಣುತ್ತೆ, ಅಂಥ ಸಣ್ಣ ವಿಷಯಗಳು ಕೂಡಿಯೇ ಒಂದು ಸಿನಿಮಾ ಇಲ್ಲವಾಗೋದು.

ಹಾಗಂತ ಸೋತದ್ದೆಲ್ಲ ಚಿನ್ನ ಅಲ್ಲ. ಶಂಕರ್‌ನಾಗ್ ನಿರ್ದೇಶನದಲ್ಲಿ ಅಣ್ಣಾವ್ರು ನಟಿಸಿದ ‘ಒಂದು ಮುತ್ತಿನ ಕಥೆ’, 1987ರದ್ದು, ಅಂಡರ್‌ರೇಟೆಡ್ ಪಟ್ಟಿಯಲ್ಲಿ ಯಾವಾಗಲೂ ಇರುತ್ತೆ. ಅಮೆರಿಕದ ಸ್ಟೈನ್‌ಬೆಕ್ ಬರೆದ ‘ದಿ ಪರ್ಲ್’ ಕಾದಂಬರಿ ಆಧಾರ, ನೀರೊಳಗಿನ ಚಿತ್ರೀಕರಣ, ಸ್ಟಾರ್‌ಗಿರಿ ಪಕ್ಕಕ್ಕಿಟ್ಟು ಬಡ ಮುತ್ತುಗಾರನಾದ ರಾಜ್‌ಕುಮಾರ್. ಸಾಹಸಕ್ಕೆ ಪೂರ್ತಿ ಅಂಕ. ನೋಡಿದ ಮೇಲೆ ನನಗನ್ನಿಸಿದ್ದು, ಸಾಹಸವನ್ನ ಮೆಚ್ಚಿಕೊಂಡಷ್ಟು ಸಿನಿಮಾವನ್ನ ಮೆಚ್ಚೋಕಾಗಲ್ಲ ಅಂತ. ಶಂಕರ್‌ನಾಗ್ ಹೆಸರು, ಅಣ್ಣಾವ್ರ ಹೆಸರು ಎರಡನ್ನೂ ಮುಚ್ಚಿ ನೋಡಿದರೆ ಇದರ ಪರ ಎಷ್ಟು ಜನ ನಿಲ್ತಾರೆ? ಹೆಸರು ಮುಚ್ಚಿ ನೋಡೋದು ಎರಡೂ ಕಡೆಗೆ ಅನ್ವಯಿಸಬೇಕಾದ ನಿಯಮ. ಕಾಶಿನಾಥ್ ಹೆಸರು ಮುಚ್ಚಿದರೆ ‘ಅಪರಿಚಿತ’ದ ಬೆಲೆ ಏರುತ್ತೆ, ಇಲ್ಲಿ ಇಳಿಯುತ್ತೆ. ಜೆಪಿ ನಗರದ ರಂಗಶಂಕರದಲ್ಲಿ ಶಂಕರ್‌ನಾಗ್ ನೆನಪು ನಾಟಕಗಳ ರೂಪದಲ್ಲಿ 2004ರಿಂದ ಗಟ್ಟಿಯಾಗಿ ಉಳಿದಿದೆ, ಒಂದು ಸಿನಿಮಾದ ಬಗ್ಗೆ ಖಾರವಾಗಿ ಮಾತಾಡಿದರೆ ಅದಕ್ಕೇನೂ ಆಗಲ್ಲ.

ನೋಡೋದೆಲ್ಲಿ ಅಂತ ಕೇಳೋರಿಗೆ ನಾಲ್ಕು ಮಾತು. ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಪುಟ್ಟಣ್ಣ ಕಣಗಾಲರ ಹೆಸರಿನ ಥಿಯೇಟರ್ ಇತ್ತು, ಈಗಿಲ್ಲ. ನಂದಾ ಥಿಯೇಟರ್ ಇಲ್ಲ, ಆಟೋದವರ ಬಾಯಲ್ಲಿ ಹೆಸರಷ್ಟೇ ಇದೆ. ಬನಶಂಕರಿ ಎರಡನೇ ಹಂತದಲ್ಲಿ ಸುಚಿತ್ರ ಇದೆ, 1971ರಲ್ಲಿ ಶುರುವಾದ ಫಿಲ್ಮ್ ಸೊಸೈಟಿ. ನಮ್ಮಲ್ಲಿ ಹೆಚ್ಚಿನವರು ಅದರ ಮುಂದೆ ಬಸ್ಸಿನಲ್ಲಿ ಹೋಗಿರ್ತೀವಿ, ಒಳಗೆ ಹೋಗಿರಲ್ಲ. ಹೋಗಿ. ಹಳೇ ಸಿನಿಮಾವನ್ನ ಹತ್ತು ಜನ ಅಪರಿಚಿತರ ಜೊತೆ ಕೂತು ನೋಡೋದಕ್ಕೂ ಬೆಡ್‌ಶೀಟ್ ಒಳಗೆ ಒಂದೂವರೆ ಪಟ್ಟು ಸ್ಪೀಡಿನಲ್ಲಿ ನೋಡೋದಕ್ಕೂ ಅಜಗಜಾಂತರ.

ಇಂಟರ್ನಲ್ಸ್ ಮುಗಿದ ವಾರಕ್ಕೆ ನನ್ನ ಸಲಹೆ: ಮೊದಲ ದಿನ ‘ಅಪರಿಚಿತ’, ಎರಡನೇ ದಿನ ‘ತರ್ಕ’, ಮೂರನೇ ದಿನ ‘ಶ್‌’. ಒಂದೇ ಗರಡಿಯ ಮೂರು ಕುಸ್ತಿ ಅಂತ ನೋಡಿ. ಆಮೇಲೆ ‘ಗೆಂಡೆತಿಮ್ಮ’, ‘ಗುಲಾಬಿ ಟಾಕೀಸ್’. ‘ಅನುಭವ’ ಕೊನೆಗಿರಲಿ, ಅದನ್ನ ನೋಡುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಧ್ಯೆ ಗೆರೆ ಹಾಕಿ, ಎಡಗಡೆ ಸಮರ್ಥಿಸಬಹುದಾದದ್ದು, ಬಲಗಡೆ ಆಗದೇ ಇರೋದು. ನನ್ನ ಪುಸ್ತಕದಲ್ಲಿ ಎರಡೂ ಕಡೆ ತುಂಬಿದೆ. ಎಡಗಡೆಯದು ನಾಲ್ಕು ಸಾಲು ಉದ್ದ ಇದೆ.